ಎರೆ ಮಣ್ಣಿನಿಂದ ಎನಾಮಲ್‌ವರೆಗೆ: ಬಣ್ಣದ ಜೊತೆ ಪ್ರಯೋಗ ಮಾಡುವುದು ಹೇಗೆ

ಬಣ್ಣ ಅಂದರೆ ಟ್ಯೂಬಿನಿಂದ ಹಿಂಡಿ ಬ್ರಶ್ಶಿನಿಂದ ಹಚ್ಚುವ ವಸ್ತು. ಶಾಲೆಯ ಡ್ರಾಯಿಂಗ್ ಪೀರಿಯಡ್‌ನಿಂದ ನಮ್ಮ ತಲೆಯಲ್ಲಿ ಕೂತಿರುವುದು ಇಷ್ಟೇ. ಆದರೆ ಕಳೆದ ನೂರು ವರ್ಷಗಳಲ್ಲಿ ಕಲಾವಿದರು ಬಣ್ಣವನ್ನು ನೆಲದ ಮೇಲೆ ಸುರಿದಿದ್ದಾರೆ, ಬಟ್ಟೆಗೆ ಕುಡಿಸಿದ್ದಾರೆ, ಬಾಟಲಿಯಲ್ಲಿ ತುಂಬಿ ಎಸೆದಿದ್ದಾರೆ, ಕಾಲಿನಿಂದ ಎಳೆದಾಡಿದ್ದಾರೆ. ಇದನ್ನೆಲ್ಲ ಮೊಬೈಲಿನಲ್ಲಿ ನೋಡಿದವರಿಗೆ ತಾವೂ ಮಾಡಬೇಕು ಅನಿಸುತ್ತದೆ. ಆಮೇಲೆ ಆನ್‌ಲೈನ್‌ನಲ್ಲಿ ಬಣ್ಣ ಸುರಿಯುವ ಸಾಮಾನಿನ ಪೋರಿಂಗ್ ಕಿಟ್‌ನ ಬೆಲೆ ನೋಡಿ ಸುಮ್ಮನಾಗುತ್ತಾರೆ.

ಕಿಟ್ ಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತ ಇರುವವರಿಗೆ ಬೇಕಾದ ಮಣ್ಣು, ಬಟ್ಟೆ, ಅಂಟು, ಎನಾಮಲ್ ಎಲ್ಲ ಹತ್ತಿರದಲ್ಲೇ ಇದೆ. ಬೇಕಾಗಿರುವುದು ಒಂದು ಶಿಸ್ತು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುವುದು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಏನೋ ಒಂದು ಚೆಂದದ್ದು ಬರಬಹುದು. ಆದರೆ ಅದು ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ, ಮತ್ತೆ ತರಿಸಲೂ ಆಗುವುದಿಲ್ಲ. ಈ ಮಾರ್ಗದರ್ಶಿಯನ್ನು ಆ ಒಂದು ಮಾತಿನ ಮೇಲೆಯೇ ಬರೆದಿದ್ದೇನೆ.

ಬಣ್ಣದೊಳಗೆ ಏನಿದೆ

ಯಾವ ಬಣ್ಣವೇ ಆಗಲಿ, ಅದರಲ್ಲಿ ಮೂರು ಭಾಗ. ಬಣ್ಣ ಕೊಡುವ ಪುಡಿ, ಪುಡಿಯನ್ನು ಹಿಡಿದಿಡುವ ಅಂಟು, ಹಚ್ಚಲು ಬರುವಷ್ಟು ತೆಳ್ಳಗೆ ಮಾಡುವ ದ್ರವ. ಜಲವರ್ಣದಲ್ಲಿ ಅಂಟು ಅಂದರೆ ಮರದ ಗೋಂದು, ದ್ರವ ನೀರು. ತೈಲವರ್ಣದಲ್ಲಿ ಅಗಸೆ ಎಣ್ಣೆಯೇ ಅಂಟು, ಟರ್ಪೆಂಟೈನ್ ದ್ರವ. ಆಕ್ರಿಲಿಕ್‌ನಲ್ಲಿ ಪ್ಲಾಸ್ಟಿಕ್ಕಿನ ತೀರಾ ಸಣ್ಣ ಕಣಗಳು ನೀರಿನಲ್ಲಿ ಹರಡಿಕೊಂಡಿರುತ್ತವೆ. ನೀರು ಆರಿದಾಗ ಅವು ಒಂದಕ್ಕೊಂದು ಕೂಡಿ ಪೊರೆಯಾಗುತ್ತವೆ. ಅದಕ್ಕೇ ಒಣಗಿದ ಆಕ್ರಿಲಿಕ್ ಮತ್ತೆ ನೀರಿಗೆ ಕರಗುವುದಿಲ್ಲ.

ಈ ಮೂರಕ್ಕೆ ಇನ್ನೆರಡು ಸೇರಿಸಿ: ಹಚ್ಚುವ ಸಾಧನ, ಹಚ್ಚಿಸಿಕೊಳ್ಳುವ ಮೈ, ಅಂದರೆ ಕಾಗದ, ಬಟ್ಟೆ, ಹಲಗೆ. ಒಟ್ಟು ಐದು. ಹೆಸರಾದ ಪ್ರಯೋಗಗಳನ್ನೆಲ್ಲ ಬಿಡಿಸಿ ನೋಡಿದರೆ ಈ ಐದರಲ್ಲಿ ಒಂದೋ ಎರಡೋ ಬದಲಾಗಿರುತ್ತವೆ. ಫ್ರಾನ್ಸಿನ ಈವ್ ಕ್ಲೈನ್ ಬದಲಾಯಿಸಿದ್ದು ಅಂಟನ್ನು. ಅಮೆರಿಕದ ಹೆಲೆನ್ ಫ್ರಾಂಕೆನ್‌ಥೇಲರ್ ಬದಲಾಯಿಸಿದ್ದು ಮೈಯನ್ನು. ಜಪಾನಿನಲ್ಲಿ 1954ರಲ್ಲಿ ಶುರುವಾದ ಗುಟಾಯ್ ಅನ್ನುವ ಕಲಾವಿದರ ಗುಂಪಿನ ಕಾಜುವೊ ಶಿರಾಗಾ ಹಗ್ಗ ಹಿಡಿದು ಜೋತುಬಿದ್ದು ಕಾಲಿನಿಂದ ಚಿತ್ರ ಬರೆದರು. ಅಲ್ಲಿ ಬದಲಾದದ್ದು ಸಾಧನ.

ಪರೀಕ್ಷೆಯ ಪಟ್ಟಿ ಕತ್ತರಿಸಿಕೊಳ್ಳಿ

ದೊಡ್ಡ ಕ್ಯಾನ್ವಾಸಿಗೆ ಕೈ ಹಾಕುವ ಮೊದಲು ಅಂಗೈ ಅಗಲದ ಪಟ್ಟಿಗಳನ್ನು ಕತ್ತರಿಸಿಟ್ಟುಕೊಳ್ಳಿ. ಮನೆಯಲ್ಲಿ ಬಿದ್ದಿರುವ ಲಗ್ನಪತ್ರಿಕೆಗಳ ದಪ್ಪ ಕಾಗದ ಇದಕ್ಕೆ ಸರಿಯಾಗಿದೆ, ಹೊಳಪಿಲ್ಲದ ಬದಿಯನ್ನು ಬಳಸಿ. ಪ್ರತಿ ಪಟ್ಟಿಯ ಹಿಂದೆ ಒಂದು ನಂಬರ್ ಹಾಕಿ. ಅದೇ ನಂಬರಿನ ಕೆಳಗೆ ನೋಟ್‌ಬುಕ್ಕಿನಲ್ಲಿ ಯಾವ ಪುಡಿ, ಯಾವ ಅಂಟು, ಎಷ್ಟು ಚಮಚ ನೀರು, ಆವತ್ತಿನ ಹವಾ ಹೇಗಿತ್ತು ಅಂತ ಬರೆಯಿರಿ.

ಹವಾ ಯಾಕೆ ಅಂತೀರಾ? ಮಾರ್ಚ್-ಏಪ್ರಿಲ್‌ನಲ್ಲಿ ಗದಗಿನ ಬಿಸಿಲಿಗೆ ಆಕ್ರಿಲಿಕ್ ನೋಡುನೋಡುತ್ತಲೇ ಆರುತ್ತದೆ. ಅದೇ ಬಣ್ಣ ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ರಾತ್ರಿಯೆಲ್ಲ ಹಸಿಯಾಗಿಯೇ ಇರುತ್ತದೆ. ಒಂದೇ ಅಳತೆ, ಎರಡು ಬೇರೆ ಚಿತ್ರ.

ಮಣ್ಣಿನ ಬಣ್ಣ

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇದು. ಹೊಸಬರು ಶುರು ಮಾಡಬೇಕಾದದ್ದೂ ಇಲ್ಲಿಂದಲೇ ಅಂತ ನನ್ನ ಅಭಿಪ್ರಾಯ. ಖರ್ಚು ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಪುಡಿ, ಅಂಟು, ನೀರು ಈ ಮೂರನ್ನೂ ನಿಮ್ಮ ಕೈಯಿಂದಲೇ ಕೂಡಿಸುತ್ತೀರಿ. ಬಣ್ಣ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಓದಿ ತಿಳಿಯುವುದಕ್ಕಿಂತ ಬೇಗ ತಿಳಿಯುತ್ತದೆ.

ನಮ್ಮ ಸೀಮೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಧಾರವಾಡ ಜಿಲ್ಲೆಯ ಪಶ್ಚಿಮದಲ್ಲಿ ಕಲಘಟಗಿ, ಅಳ್ನಾವರ ಕಡೆ ಕೆಂಪು ಮಸಾರಿ ಮಣ್ಣು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಕಪ್ಪು ಎರೆ. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಮಣ್ಣಿನ ಬಣ್ಣ ಬದಲಾಗುತ್ತದೆ. ಶಿರಹಟ್ಟಿ, ಮುಂಡರಗಿ ಕಡೆ ಕಬ್ಬಿಣದ ಅಂಶ ಜಾಸ್ತಿ, ಅಲ್ಲಿ ತುಕ್ಕಿನ ಬಣ್ಣದ ಮಣ್ಣು ಸಿಗುತ್ತದೆ. ಒಂದು ಎಚ್ಚರಿಕೆ: ಅಲ್ಲಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅದರೊಳಗಿನಿಂದ ಒಂದು ಹಿಡಿಯನ್ನೂ ತೆಗೆಯಬೇಡಿ. ರಸ್ತೆ ಬದಿ, ಹೊಲದ ಬದು, ಬಾವಿ ತೋಡಿದಲ್ಲಿ ಬಿದ್ದ ಗುಡ್ಡೆ ಸಾಕು. ಹೊಲದವರು ಇದ್ದರೆ ಕೇಳಿ: ‘ಕಾಕಾ, ಒಂದ್ ಡಬ್ಬಿ ಮಣ್ಣ ತಗೋಳ್ಳೇನ್ರಿ?’ ಯಾರೂ ಬೇಡ ಅನ್ನುವುದಿಲ್ಲ. ಯಾಕೆ ಬೇಕು ಅಂತ ಮಾತ್ರ ಖಂಡಿತ ಕೇಳುತ್ತಾರೆ, ಹೇಳಿ.

ಕೆಲಸ ಹೀಗೆ:

1. ಮಣ್ಣನ್ನು ಒಂದು ದಿನ ಬಿಸಿಲಿಗೆ ಹರವಿ. ಬೇರು, ಕಲ್ಲು ಆರಿಸಿ ತೆಗೆಯಿರಿ. ಕುಟ್ಟಿ ಪುಡಿ ಮಾಡಿ ಸಾಣಿಗೆಯಲ್ಲಿ ಸೋಸಿ. ಕುಟ್ಟುವಾಗ ಮೂಗಿಗೆ ಮಾಸ್ಕ್ ಇರಲಿ, ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

2. ಬಕೆಟ್ಟಿನಲ್ಲಿ ನೀರು ತುಂಬಿ ಪುಡಿ ಹಾಕಿ ಚೆನ್ನಾಗಿ ಕಲಸಿ. ಹತ್ತು ಸೆಕೆಂಡು ಬಿಡಿ. ಮರಳು ತಳಕ್ಕೆ ಇಳಿಯುತ್ತದೆ, ನುಣ್ಣನೆಯ ಮಣ್ಣು ನೀರಿನಲ್ಲೇ ಇರುತ್ತದೆ. ಆ ಕದಡಿದ ನೀರನ್ನು ನಿಧಾನಕ್ಕೆ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ತಳದ ಮರಳನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

3. ಇದನ್ನೇ ಇನ್ನೊಂದೆರಡು ಸಲ ಮಾಡಿ. ಬೆರಳ ನಡುವೆ ಉಜ್ಜಿದರೆ ಹರಳು ಸಿಗಬಾರದು.

4. ಕೊನೆಯ ಬಕೆಟ್ಟನ್ನು ಒಂದೆರಡು ದಿನ ಅಲುಗಾಡಿಸದೆ ಇಡಿ. ಮೇಲೆ ನಿಂತ ತಿಳಿನೀರು ಚೆಲ್ಲಿ, ಕೆಳಗಿನ ಕೆನೆಯಂಥ ಮಣ್ಣನ್ನು ಬಟ್ಟೆಯ ಮೇಲೆ ಹರವಿ ಒಣಗಿಸಿ. ಎರೆ ಮಣ್ಣು ಕೆಳಗೆ ಕೂರಲು ಜಾಸ್ತಿ ಸಮಯ ತೆಗೆದುಕೊಳ್ಳುತ್ತದೆ, ತಾಳ್ಮೆ ಇರಲಿ.

5. ಒಣಗಿದ್ದನ್ನು ಮತ್ತೆ ಕುಟ್ಟಾಣಿಯಲ್ಲಿ ಅರೆದು ಡಬ್ಬಿಗೆ ತುಂಬಿ. ಊರಿನ ಹೆಸರು ಬರೆದಿಡಿ. ಇದು ನಿಮ್ಮ ಬಣ್ಣದ ಪುಡಿ.

ಹಳದಿ ಮಣ್ಣು ಸಿಕ್ಕರೆ ಅದೃಷ್ಟ. ಒಂದರಿಂದ ಎರಡು ಬಣ್ಣ ಬರುತ್ತದೆ. ಹಳೆಯ ಕಬ್ಬಿಣದ ಹಂಚಿನ ಮೇಲೆ ಹಾಕಿ, ಹೊರಗೆ ಕಟ್ಟಿಗೆ ಒಲೆಯ ಮೇಲೆ ಜೋರು ಉರಿಯಲ್ಲಿ ಹುರಿಯಿರಿ. ಹಳದಿಗೆ ಕಾರಣವಾದ ಕಬ್ಬಿಣದ ಖನಿಜದಲ್ಲಿ ನೀರಿನ ಅಂಶ ಸೇರಿಕೊಂಡಿರುತ್ತದೆ. ಸುಮಾರು 250-300 ಡಿಗ್ರಿ ಶಾಖಕ್ಕೆ ಆ ನೀರು ಹೊರಟುಹೋಗಿ ಖನಿಜ ಕೆಂಪಾಗುತ್ತದೆ. ಕೈಯಾಡಿಸುತ್ತಿರುವಾಗಲೇ ಹಳದಿ ಕಿತ್ತಳೆಯಾಗಿ, ಕಿತ್ತಳೆ ಇಟ್ಟಿಗೆ ಕೆಂಪಾಗುವುದು ಕಾಣುತ್ತದೆ. ಒಂದೊಂದು ಹಂತದಲ್ಲಿ ಒಂದೊಂದು ಚಮಚ ತೆಗೆದಿಟ್ಟರೆ ಒಂದೇ ಮಣ್ಣಿನ ನಾಲ್ಕೈದು ಛಾಯೆ ಸಿಗುತ್ತವೆ. ಈ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನ ಬರೆದ ಕೆಂಪು ಚಿತ್ರಗಳು ಇವತ್ತಿಗೂ ಕಾಣುತ್ತವೆ.

ಇನ್ನು ಅಂಟು. ಕಿರಾಣಿ ಅಂಗಡಿಯಲ್ಲಿ ಅಂಟಿನುಂಡಿಗೆ ಕೊಳ್ಳುವ ಅಂಟು ಇದೆಯಲ್ಲ, ಅದನ್ನೇ ತನ್ನಿ. ಆದರೆ ಮೊದಲು ಒಂದು ಪರೀಕ್ಷೆ. ನಾಲ್ಕು ಹರಳು ಬಿಸಿನೀರಿನಲ್ಲಿ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಪೂರ್ತಿ ಕರಗಿದ್ದರೆ ಅದು ನಮ್ಮ ಕೆಲಸಕ್ಕೆ ಬರುತ್ತದೆ. ಕರಗದೆ ಉಬ್ಬಿ ಲೋಳೆಯಾಗಿ ನಿಂತಿದ್ದರೆ ಬೇರೆ ಜಾತಿಯದು, ಉಂಡಿಗೇ ಇಡಿ. ಒಂದು ಪಾಲು ಅಂಟಿಗೆ ಎರಡು ಪಾಲು ಬಿಸಿನೀರು ಹಾಕಿ ಕರಗಿಸಿ ಬಟ್ಟೆಯಲ್ಲಿ ಸೋಸಿ. ಕೆಲವು ಹನಿ ಜೇನುತುಪ್ಪ ಸೇರಿಸಿದರೆ ಒಣಗಿದ ಬಣ್ಣ ಬಿರುಸಾಗುವುದಿಲ್ಲ. ಒಂದೆರಡು ಹನಿ ಲವಂಗದೆಣ್ಣೆ ಹಾಕಿದರೆ ಬೂಸಲು ಬರುವುದು ತಡವಾಗುತ್ತದೆ.

ಗಾಜಿನ ತುಂಡಿನ ಮೇಲೆ ಪುಡಿಯ ಸಣ್ಣ ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ ಅಂಟು ಹಾಕಿ. ತಳ ಚಪ್ಪಟೆಯಾದ ದಪ್ಪ ಗಾಜಿನ ಲೋಟದಿಂದ ಸುತ್ತಿಸುತ್ತ ಅರೆಯಿರಿ. ಮೊದಲು ಕರಕರ ಸದ್ದು ಬರುತ್ತದೆ. ಸದ್ದು ನಿಂತಾಗ ಬಣ್ಣ ತಯಾರು. ಪುಡಿಗೂ ಅಂಟುನೀರಿಗೂ ಸಮಪಾಲಿನಿಂದ ಶುರು ಮಾಡಿ. ಒಣಗಿದ ಪಟ್ಟಿಯ ಮೇಲೆ ಬೆರಳು ಉಜ್ಜಿ ನೋಡಿ. ಪುಡಿ ಬೆರಳಿಗೆ ಹತ್ತಿದರೆ ಅಂಟು ಕಡಿಮೆ. ಮೈ ಹೊಳೆದು, ಕಾಗದ ಬಗ್ಗಿಸಿದಾಗ ಚಕ್ಕೆ ಎದ್ದರೆ ಅಂಟು ಜಾಸ್ತಿ.

ಇಲ್ಲಿ ಒಂದು ವಿಚಾರ ಗಮನಿಸಿ. ಡಬ್ಬಿಯಲ್ಲಿದ್ದಾಗ ಪುಡಿಗೆ ಇದ್ದ ಬೆಳಕು, ಅಂಟು ಸೇರಿದ ಕೂಡಲೇ ಮಂಕಾಗುತ್ತದೆ. ಈವ್ ಕ್ಲೈನ್ ಅವರನ್ನು ಕಾಡಿದ್ದೂ ಇದೇ. ಒಣ ನೀಲಿ ಪುಡಿಯ ತೀಕ್ಷ್ಣತೆ ಎಣ್ಣೆಯಲ್ಲಿ ಸತ್ತುಹೋಗುತ್ತದೆ ಅಂತ ಅವರು ಪ್ಯಾರಿಸ್ಸಿನ ಒಬ್ಬ ಬಣ್ಣದ ವ್ಯಾಪಾರಿಯ ಜೊತೆ ಸೇರಿ, ಪುಡಿಯನ್ನು ಹಿಡಿದಿಟ್ಟರೂ ಅದರ ಮೇಲೆ ಹೊಳಪಿನ ಪೊರೆ ಕಟ್ಟದ ಒಂದು ಕೃತಕ ರಾಳವನ್ನು ಬಳಕೆಗೆ ತಂದರು. ಅವರ ನೀಲಿ ಲೋಕಪ್ರಸಿದ್ಧವಾಯಿತು. ನಾವು ರಾಳ ಹುಡುಕಬೇಕಿಲ್ಲ. ಅಂಟನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಒಂದೇ ಸಾಲಿನಲ್ಲಿ ಆರು ಪಟ್ಟಿ ಹಚ್ಚಿ ನೋಡಿ. ಬಣ್ಣ ಬೆಳಗುವುದೂ, ಪುಡಿ ಉದುರುವುದೂ ಎರಡೂ ಹೆಚ್ಚುತ್ತ ಹೋಗುತ್ತವೆ. ನಿಮಗೆ ಬೇಕಾದ ಜಾಗ ಅವೆರಡರ ನಡುವೆ ಎಲ್ಲೋ ಇದೆ.

ಎರೆಯ ಬಿರುಕು

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದವರಿಗೆಲ್ಲ ಗೊತ್ತು, ಎರೆ ಮಣ್ಣು ಒಣಗುವಾಗ ಬಿರಿಯುತ್ತದೆ. ಅದರಲ್ಲಿರುವ ಜೇಡಿಯ ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ನೀರು ಹೋದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದೂ ಇದೇ ಕಾರಣಕ್ಕೆ. ಚಿತ್ರಕಾರರಿಗೆ ಬಿರುಕು ಅಂದರೆ ದೋಷ ಅನಿಸುತ್ತದೆ. ನಾನು ಅದನ್ನು ರೇಖೆ ಅನ್ನುತ್ತೇನೆ. ಕೈಯಿಂದ ಎಳೆಯಲಾಗದ ರೇಖೆ.

ಬಟ್ಟೆ ಬೇಡ, ಅದು ಅಲುಗಾಡುತ್ತದೆ. ಪ್ಲೈವುಡ್ ಅಥವಾ ಎಂಡಿಎಫ್ ಹಲಗೆ ತೆಗೆದುಕೊಂಡು ಎರಡು ಕೋಟು ಪ್ರೈಮರ್ ಹೊಡೆಯಿರಿ. ಒಣಗಿದ ಮೇಲೆ ಫೆವಿಕಾಲ್‌ಗೆ ಸಮಪಾಲು ನೀರು ಸೇರಿಸಿ ಒಂದು ಕೋಟು ಹಚ್ಚಿ. ಅದು ಇನ್ನೂ ಜಿಗುಟಾಗಿರುವಾಗಲೇ, ಎರೆ ಮಣ್ಣಿಗೆ ಸ್ವಲ್ಪ ಫೆವಿಕಾಲ್ ಸೇರಿಸಿ ಕಲಸಿದ ಮುದ್ದೆಯನ್ನು ಹರಡಿ. ದಪ್ಪವೇ ಇಲ್ಲಿ ನಿಮ್ಮ ಬ್ರಶ್ಶು. ತೆಳ್ಳಗೆ ಹರಡಿದರೆ ಕೂದಲಿನಷ್ಟು ಸಣ್ಣ ಬಿರುಕು, ಒತ್ತೊತ್ತಾಗಿ ಬರುತ್ತದೆ. ಅರ್ಧ ಇಂಚು ಹರಡಿದರೆ ಅಗಲ ಬಿರುಕು, ದೊಡ್ಡ ದೊಡ್ಡ ಹೆಂಟೆ. ಬಿರುಕು ಬೇಡವಾದ ಕಡೆ ತೆಗೆದಿಟ್ಟ ಮರಳನ್ನು ಬೆರೆಸಿ. ಮರಳು ಕುಗ್ಗುವುದಿಲ್ಲ, ಹಾಗಾಗಿ ಅಲ್ಲಿ ಮೈ ಗಟ್ಟಿಯಾಗಿ ನಿಲ್ಲುತ್ತದೆ. ಮರಳು ಇದ್ದ ಮತ್ತು ಇಲ್ಲದ ಮುದ್ದೆಯನ್ನು ಪಕ್ಕಪಕ್ಕ ಹಾಕಿದರೆ ಬಿರುಕು ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ನೀವೇ ಹೇಳಬಹುದು.

ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಚುಗಳು ಮುರುಟಿ ಮೇಲೇಳುತ್ತವೆ. ಪೂರ್ತಿ ಒಣಗಿದ ಮೇಲೆ ನೀರಾಗಿಸಿದ ಫೆವಿಕಾಲ್ ಅನ್ನು ಡ್ರಾಪರ್‌ನಿಂದ ಬಿರುಕಿನೊಳಗೆ ಹನಿಹನಿಯಾಗಿ ಬಿಡಿ. ಸಡಿಲವಾದ ಹೆಂಟೆಗಳು ಹಲಗೆಗೆ ಕಚ್ಚಿಕೊಳ್ಳುತ್ತವೆ. ಇದನ್ನು ಬಿಟ್ಟರೆ ಗೋಡೆಗೆ ಹಾಕಿದ ಮೇಲೆ ಮಣ್ಣು ಉದುರುತ್ತಲೇ ಇರುತ್ತದೆ.

ಬಟ್ಟೆಗೆ ಕುಡಿಸುವುದು

1952ರಲ್ಲಿ ಹೆಲೆನ್ ಫ್ರಾಂಕೆನ್‌ಥೇಲರ್ ಪ್ರೈಮರ್ ಹಚ್ಚದ ಕೋರಾ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿದ ತೈಲವರ್ಣವನ್ನು ಸುರಿದರು. ಬಣ್ಣ ಬಟ್ಟೆಯ ಮೇಲೆ ನಿಲ್ಲಲಿಲ್ಲ, ಒಳಗೆ ಇಳಿಯಿತು. ‘ಮೌಂಟನ್ಸ್ ಆ್ಯಂಡ್ ಸೀ’ ಅನ್ನುವ ಆ ಚಿತ್ರ ನೋಡಿ ಮಾರಿಸ್ ಲೂಯಿಸ್, ಕೆನೆತ್ ನೋಲಂಡ್ ಅನ್ನುವ ಅಮೆರಿಕದ ಚಿತ್ರಕಾರರು ತಮ್ಮ ದಾರಿಯನ್ನೇ ಬದಲಾಯಿಸಿಕೊಂಡರು. ಒಂದು ತೊಂದರೆ ಇತ್ತು. ಎಣ್ಣೆ ಬರೀ ಬಟ್ಟೆಗೆ ತಾಗಿದರೆ ಕಾಲಕ್ರಮೇಣ ನೂಲು ಸೆಡೆದು ಪುಡಿಯಾಗುತ್ತದೆ. ಆಕ್ರಿಲಿಕ್‌ಗೆ ಆ ತೊಂದರೆ ಇಲ್ಲ. ಫ್ರಾಂಕೆನ್‌ಥೇಲರ್ ಕೂಡ ಮುಂದೆ ಆಕ್ರಿಲಿಕ್‌ಗೇ ಬಂದರು. ನಾವು ನೇರವಾಗಿ ಅಲ್ಲಿಂದಲೇ ಶುರು ಮಾಡೋಣ.

ಬಟ್ಟೆಗೆ ನಾವು ದೂರ ಹೋಗಬೇಕಿಲ್ಲ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗ, ಧ್ವಜ ತಯಾರಾಗುವ ಬೆಂಗೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇವೆ. ಖಾದಿ ಭಂಡಾರದಲ್ಲಿ ಬಣ್ಣ ಹಾಕದ ದಪ್ಪ ಹತ್ತಿ ಬಟ್ಟೆ ಕೇಳಿ. ಇಲ್ಲವಾದರೆ ಬಟ್ಟೆ ಅಂಗಡಿಯ ಮಾದರಪಾಟವೂ ನಡೆಯುತ್ತದೆ. ಕೈಮಗ್ಗದ ಬಟ್ಟೆಯಲ್ಲಿ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ. ಬಣ್ಣ ಆ ನೂಲನ್ನು ಹಿಡಿದು ಓಡುತ್ತದೆ, ಅಂಚು ಜೀವಂತವಾಗಿ ಕಾಣುತ್ತದೆ. ಮಿಲ್ ಬಟ್ಟೆಯಲ್ಲಿ ಈ ಆಟ ಅಷ್ಟು ಸಿಗುವುದಿಲ್ಲ.

ಬಟ್ಟೆಯನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಗಂಜಿ ತೆಗೆಯಿರಿ. ಗಂಜಿ ಉಳಿದ ಕಡೆ ಬಣ್ಣ ಇಳಿಯದೆ ಹನಿಹನಿಯಾಗಿ ನಿಲ್ಲುತ್ತದೆ. ಒಣಗಿದ ಮೇಲೆ ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು, ನೆಲಕ್ಕೆ ತಾಗದ ಹಾಗೆ ಎಳೆದು ಕಟ್ಟಿ. ಪ್ಲಾಸ್ಟಿಕ್ ಹಾಳೆಯ ಮೇಲೆ ನೇರವಾಗಿ ಹಾಸಿದರೆ ಇಳಿದ ಬಣ್ಣ ಕೆಳಗೆ ಕೂಡಿ ಮತ್ತೆ ಮೇಲೇರಿ ಕಲೆ ಮಾಡುತ್ತದೆ. ಒಂದು ಪಾಲು ಆಕ್ರಿಲಿಕ್‌ಗೆ ನಾಲ್ಕೈದು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ನೀರಿನ ಬಿಗಿ ಸಡಿಲಿಸಿ ಬಣ್ಣವನ್ನು ನೂಲಿನೊಳಗೆ ಇಳಿಸುತ್ತದೆ.

ಮೊದಲು ಒಣ ಬಟ್ಟೆಯ ಮೇಲೆ ಸುರಿಯಿರಿ, ಅಂಚು ಚೂಪಾಗಿ ನಿಲ್ಲುತ್ತದೆ. ಇನ್ನೊಂದು ತುಂಡಿಗೆ ಮೊದಲೇ ನೀರು ಚಿಮುಕಿಸಿ ಸುರಿಯಿರಿ, ಅಂಚು ಮಸುಕಾಗಿ ಹರಡುತ್ತದೆ. ಬಣ್ಣ ಅದೇ, ಅಳತೆ ಅದೇ, ಬದಲಾದದ್ದು ಬಟ್ಟೆಯ ತೇವ ಮಾತ್ರ. ಒಂದು ಮೂಲೆ ಎತ್ತಿ ಹಿಡಿದರೆ ಬಣ್ಣ ಇಳಿಜಾರಿಗೆ ಹರಿಯುತ್ತದೆ. ಅಷ್ಟೇ ಸಾಕು, ಬ್ರಶ್ಶು ಮುಟ್ಟಬೇಡಿ.

ಬಿಳಿ ಬಣ್ಣ ಬಳಸಲೇಬೇಡಿ ಅನ್ನುವುದು ನನ್ನ ಸಲಹೆ. ಖಾಲಿ ಬಟ್ಟೆಯೇ ಬಿಳಿ. ಎಲ್ಲಿ ಸುರಿಯಬೇಕು ಅನ್ನುವುದಕ್ಕಿಂತ ಎಲ್ಲಿ ಸುರಿಯಬಾರದು ಅನ್ನುವುದನ್ನು ಮೊದಲು ತೀರ್ಮಾನಿಸಿ, ಯಾಕೆಂದರೆ ಕುಡಿದ ಬಣ್ಣವನ್ನು ಬಟ್ಟೆ ವಾಪಸ್ ಕೊಡುವುದಿಲ್ಲ.

ಎಳೆ ಬಿಡುವುದು

1947ರಿಂದ 1950ರವರೆಗೆ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡಿನ ತಮ್ಮ ಕೊಟ್ಟಿಗೆಯಲ್ಲಿ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ನಡೆಯುತ್ತ, ಕಡ್ಡಿಯಿಂದ, ಗಟ್ಟಿಯಾದ ಬ್ರಶ್ಶಿನಿಂದ ಬಣ್ಣದ ಎಳೆ ಬಿಟ್ಟರು. ಅವರು ಬಳಸಿದ್ದರಲ್ಲಿ ಮನೆಗೆ ಹೊಡೆಯುವ ಎನಾಮಲ್ ಬಣ್ಣವೂ ಇತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟಕಿ, ಗೇಟಿಗೆ ಅಂತ ಕೊಡುವ ಸಿಂಥೆಟಿಕ್ ಎನಾಮಲ್ ಈ ಕೆಲಸಕ್ಕೆ ಚೆನ್ನಾಗಿದೆ. ಟ್ಯೂಬ್ ಬಣ್ಣ ಎಳೆಯಾಗದೆ ಉಂಡೆಯಾಗಿ ಬೀಳುತ್ತದೆ.

ನೂರು ಮಿಲಿ ಎನಾಮಲ್‌ಗೆ ಹತ್ತು ಮಿಲಿ ಟರ್ಪೆಂಟೈನ್‌ನಿಂದ ಶುರು ಮಾಡಿ. ಕಡ್ಡಿ ಅದ್ದಿ ಎತ್ತಿದರೆ ಎಳೆ ತುಂಡಾಗದೆ ಇಳಿಯಬೇಕು. ಹನಿಹನಿಯಾಗಿ ಬಿದ್ದರೆ ತೆಳುವಾಗಿದೆ. ಈಗ ಕೈಯ ವೇಗ. ಜಿಲೇಬಿ ಹಾಕುವವರ ಕೈ ನೋಡಿ. ಕೈ ನಿಧಾನವಾದರೆ ಎಳೆ ತಾನಾಗಿಯೇ ಸುರುಳಿ ಸುತ್ತುತ್ತದೆ, ಬೇಗ ಸಾಗಿದರೆ ನೇರ ಗೆರೆಯಾಗುತ್ತದೆ. ಬಣ್ಣಕ್ಕೂ ಇದೇ ನಿಯಮ. ಎತ್ತರ ಹೆಚ್ಚಿದಷ್ಟೂ ಎಳೆ ಸಣ್ಣಗಾಗುತ್ತದೆ. ಹಳೆಯ ಪೇಪರ್ ಹಾಸಿಕೊಂಡು ಮೊದಲು ಮೊಣಕಾಲ ಎತ್ತರದಿಂದ, ಆಮೇಲೆ ಸೊಂಟದ ಎತ್ತರದಿಂದ ಅಭ್ಯಾಸ ಮಾಡಿ. ಕೈ ಮಾತ್ರ ಆಡಿಸಬೇಡಿ, ಇಡೀ ಮೈ ನಡೆಯಲಿ. ಮಣಿಕಟ್ಟಿನಿಂದ ಬಂದ ಗೆರೆಗೂ ಭುಜದಿಂದ ಬಂದ ಗೆರೆಗೂ ವ್ಯತ್ಯಾಸ ಪೇಪರಿನ ಮೇಲೆಯೇ ಕಾಣುತ್ತದೆ.

ಎನಾಮಲ್ ಒಂದೇ ಕಡೆ ಕೆರೆಯಾಗಿ ನಿಂತರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಸುಕ್ಕಾಗುತ್ತದೆ. ಸುಕ್ಕು ಬೇಕೆಂದೇ ಇದ್ದರೆ ಸರಿ. ಬೇಡವಾದರೆ ಒಂದು ಪದರಕ್ಕೆ ಒಂದು ರಾತ್ರಿ ಬಿಡಿ. ಹುಬ್ಬಳ್ಳಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಹಳೆಯ ಪೇಂಟರ್‌ಗಳು ಪರಿಚಯ ಇದ್ದರೆ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಗಿದೆ. ಆದರೆ ಎನಾಮಲ್ ಯಾವಾಗ ಓಡುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದು ಅವರ ಬೆರಳಿಗೆ ಗೊತ್ತಿರುವಷ್ಟು ಯಾವ ವಿಡಿಯೊದಲ್ಲೂ ಸಿಗುವುದಿಲ್ಲ.

ಭಾರದ ಆಟ

ಈಗ ಎಲ್ಲ ಕಡೆ ಕಾಣುವ ಪೋರಿಂಗ್ ಚಿತ್ರಗಳ ಬೇರು ಹಳೆಯದು. ಮೆಕ್ಸಿಕೊದ ಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೆರೊಸ್ 1936ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಪ್ರಯೋಗಶಾಲೆ ನಡೆಸಿದರು. ಕಾರಿಗೆ ಹೊಡೆಯುವ ಬಣ್ಣವನ್ನು ಒಂದರ ಮೇಲೊಂದು ಸುರಿದರೆ ತಾನಾಗಿಯೇ ಕಣ್ಣುಕಣ್ಣಾಗಿ ಬಿಚ್ಚಿಕೊಳ್ಳುವುದನ್ನು ಅಲ್ಲಿ ಮಾಡಿ ನೋಡಿದರು. ಯುವಕ ಪೊಲಾಕ್ ಕೂಡ ಅಲ್ಲಿ ಇದ್ದರು. ಕಾರಣ ಸರಳ. ಭಾರದ ಬಣ್ಣ ಹಗುರ ಬಣ್ಣದ ಮೇಲೆ ಕೂತರೆ ಕೆಳಗಿಳಿಯಲು ನೋಡುತ್ತದೆ, ಹಗುರದ್ದು ಮೇಲೇಳಲು ನೋಡುತ್ತದೆ. ಆ ತಳ್ಳಾಟದಲ್ಲಿ ಕಣ್ಣುಗಳು ಮೂಡುತ್ತವೆ.

ಟೈಟೇನಿಯಂ ಬಿಳಿಯ ಪುಡಿ ನೀರಿಗಿಂತ ಸುಮಾರು 4 ಪಟ್ಟು ಭಾರ. ಥ್ಯಾಲೊ ನೀಲಿ ಅನ್ನುವ ಗಾಢ ನೀಲಿಯ ಪುಡಿ ಅದರ ಅರ್ಧದಷ್ಟೂ ಇಲ್ಲ. ಹಾಗಾಗಿ ಕೆಳಗೆ ನೀಲಿ, ಮೇಲೆ ಬಿಳಿ. ಒಂದು ಪಾಲು ಆಕ್ರಿಲಿಕ್‌ಗೆ ಎರಡು ಪಾಲು ಫೆವಿಕಾಲ್, ಹರಿಯುವಷ್ಟು ನೀರು. ಎರಡೂ ಬಣ್ಣ ಒಂದೇ ವೇಗದಲ್ಲಿ ಹರಿಯಬೇಕು, ಇಲ್ಲವಾದರೆ ಭಾರದ ಪರಿಣಾಮ ಕಾಣುವುದಿಲ್ಲ. ಹಲಗೆ ಸಮವಾಗಿದೆಯೇ ಅಂತ ಗೌಂಡಿಗಳ ರಸಮಟ್ಟ ಇಟ್ಟು ನೋಡಿ. ಸುರಿದ ಮೇಲೆ ಮುಟ್ಟಬೇಡಿ, ಧೂಳು ಬೀಳದ ಹಾಗೆ ಮೇಲೊಂದು ರಟ್ಟಿನ ಡಬ್ಬಿ ಮುಚ್ಚಿ, ಎರಡು ದಿನ ಬಿಡಿ. ಅಂಗಡಿಯ ಸಿಲಿಕೋನ್ ಎಣ್ಣೆ ಹಾಕಿದರೆ ಕಣ್ಣುಗಳು ಬೇಗ ಬರುತ್ತವೆ ನಿಜ. ಆದರೆ ಎಲ್ಲರ ಚಿತ್ರವೂ ಒಂದೇ ಥರ ಕಾಣುತ್ತದೆ, ಮೇಲೆ ಮತ್ತೆ ಬಣ್ಣ ಹಚ್ಚಿದರೆ ಹಿಡಿಯುವುದೂ ಇಲ್ಲ. ನನಗೆ ಅದು ಇಷ್ಟವಿಲ್ಲ.

ಎಳೆದು ಒರೆಸುವುದು, ಮತ್ತೆ ಕೆಲವು

ಗದಗನ್ನು ಮುದ್ರಣ ಕಾಶಿ ಅನ್ನುತ್ತಾರೆ. ಅಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರ ಹತ್ತಿರ ಮರದ ಹಿಡಿಗೆ ರಬ್ಬರ್ ಪಟ್ಟಿ ಹಾಕಿದ ಸ್ಕ್ವೀಜಿ ಇರುತ್ತದೆ. ಅಂಚು ಸವೆದದ್ದು ಅವರಿಗೆ ಬೇಡ, ನಮಗೆ ಅದೇ ಬೇಕು. ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ 1980ರ ದಶಕದಿಂದ ದೊಡ್ಡ ಸ್ಕ್ವೀಜಿಗಳಿಂದ ಹಸಿ ತೈಲವರ್ಣವನ್ನು ಎಳೆದು ಅಮೂರ್ತ ಚಿತ್ರ ಮಾಡುತ್ತ ಬಂದರು. ಪದರದ ಮೇಲೆ ಪದರ, ಪ್ರತಿ ಎಳೆತಕ್ಕೂ ಕೆಳಗಿನದು ಅಲ್ಲಲ್ಲಿ ಇಣುಕುತ್ತದೆ. ಹಲಗೆಯ ಮೇಲೆ ಒಂದು ಪದರ ಹಚ್ಚಿ ಒಣಗಿಸಿ, ಇನ್ನೊಂದು ಬಣ್ಣದ ಗುಡ್ಡೆ ಇಟ್ಟು, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೆಯಿರಿ. ನಡುವೆ ನಿಲ್ಲಿಸಿದರೆ ಅಲ್ಲೊಂದು ಗೆರೆ ಉಳಿಯುತ್ತದೆ, ಅದೂ ಕೆಲವೊಮ್ಮೆ ಬೇಕಾಗುತ್ತದೆ.

ಗಾಜಿನ ಮೇಲೆ ಆಕ್ರಿಲಿಕ್ ದಪ್ಪಗೆ ಸುರಿದು ಒಣಗಿಸಿದರೆ ಬಣ್ಣವನ್ನೇ ಹಾಳೆಯಾಗಿ ಸುಲಿಯಬಹುದು. ಅದನ್ನು ಕತ್ತರಿಸಿ, ಮಡಚಿ, ಬೇರೆ ಚಿತ್ರಕ್ಕೆ ಅಂಟಿಸಬಹುದು. ಮೇಣದಬತ್ತಿಯಿಂದ ಗೆರೆ ಎಳೆದು ಮೇಲೆ ಮಣ್ಣಿನ ಬಣ್ಣ ಹಚ್ಚಿದರೆ ಮೇಣ ಇದ್ದಲ್ಲಿ ಹಿಡಿಯುವುದಿಲ್ಲ. ಇವು ಸುಲಭ, ಪಟ್ಟಿಯ ಮೇಲೆ ಮಾಡಿ ನೋಡಿದರೆ ಸಾಕು.

ಬ್ಯಾಡಗಿ ಕೆಂಪು, ಅರಿಶಿನ

ಹಾವೇರಿ ಜಿಲ್ಲೆಯವರು ಖಂಡಿತ ಕೇಳುತ್ತಾರೆ: ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೇ ಹೆಸರುವಾಸಿ, ಅದರಿಂದ ಚಿತ್ರ ಬರೆಯಬಹುದಲ್ವಾ? ಬರೆಯಬಹುದು. ಆ ಕೆಂಪು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಒಗ್ಗರಣೆ ಹಾಕುವವರಿಗೆ ಇದು ಗೊತ್ತಿರುವ ವಿಷಯವೇ. ಪುಡಿಯನ್ನು ಬೆಚ್ಚಗಿನ ಅಗಸೆ ಎಣ್ಣೆಯಲ್ಲಿ ನೆನೆಸಿ ಸೋಸಿ, ಪ್ರೈಮರ್ ಹಚ್ಚಿದ ಹಲಗೆಗೆ ಹಚ್ಚಿ. ಕೈಗವಸು ಬೇಕೇ ಬೇಕು. ಆದರೆ ಬೆಳಕಿಗೆ ಅದು ಮಾಸುತ್ತದೆ. ಅರಿಶಿನ ಇನ್ನೂ ಬೇಗ ಮಾಸುತ್ತದೆ.

ಹಾಗಂತ ಬಿಡಬೇಕಿಲ್ಲ, ಮಾಸುವುದನ್ನೇ ಕೆಲಸಕ್ಕೆ ಹಚ್ಚಿ. ಅರಿಶಿನ ಹಚ್ಚಿದ ಬಟ್ಟೆಯ ಮೇಲೆ ಎಲೆ, ಕೊರೆದ ರಟ್ಟು ಇಟ್ಟು ಬಿಸಿಲಿಗಿಡಿ. ಮುಚ್ಚಿದ ಕಡೆ ಹಳದಿ ಉಳಿದು, ತೆರೆದ ಕಡೆ ಬಿಳುಚುತ್ತದೆ. ಬಿಸಿಲೇ ಚಿತ್ರ ಬರೆಯುತ್ತದೆ. ಅರಿಶಿನಕ್ಕೆ ಎಲೆಯ ಸುಣ್ಣ ಸೋಕಿಸಿದರೆ ಕೆಂಪು, ಮೇಲೆ ಲಿಂಬೆರಸ ಬಿಟ್ಟರೆ ಮತ್ತೆ ಹಳದಿ. ಸುಣ್ಣ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಯಾವ ಬಣ್ಣ ಎಷ್ಟು ದಿನ ಉಳಿಯುತ್ತದೆ ಅಂತ ತಿಳಿಯಲು ಪಟ್ಟಿಯ ಅರ್ಧ ಭಾಗಕ್ಕೆ ದಪ್ಪ ರಟ್ಟು ಸುತ್ತಿ ಎರಡು ತಿಂಗಳು ಕಿಟಕಿಯಲ್ಲಿಡಿ. ಮಾರಲು ಇಡುವ ಕೃತಿಯಾದರೆ ಈ ಪರೀಕ್ಷೆ ತಪ್ಪಿಸಬೇಡಿ. ಮಾಸುವ ಕೃತಿ ಅಂತ ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ.

ಎಚ್ಚರಿಕೆ

ಎನಾಮಲ್, ಟರ್ಪೆಂಟೈನ್ ಕೆಲಸ ಹಿತ್ತಲಲ್ಲಿ ಅಥವಾ ಮಾಳಿಗೆ ಮೇಲೆ, ಮುಚ್ಚಿದ ಖೋಲಿಯಲ್ಲಿ ಬೇಡ. ಹತ್ತಿರ ಬೆಂಕಿ ಬೇಡ. ಅಗಸೆ ಎಣ್ಣೆ, ಎನಾಮಲ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಲ್ಲಿ ಆ ಬಿಸಿ ಹೊರಹೋಗದೆ ಬೆಂಕಿಯೇ ಹತ್ತಬಹುದು. ಹೊರಗೆ ಬಿಡಿಸಿ ಒಣಹಾಕಿ. ಆಕ್ರಿಲಿಕ್ ತೊಳೆದ ನೀರಿಗೆ ಪಟಿಕ ಹಾಕಿ ಒಂದು ರಾತ್ರಿ ಬಿಟ್ಟರೆ ಬಣ್ಣದ ಹೆಚ್ಚಿನ ಭಾಗ ತಳಕ್ಕೆ ಇಳಿಯುತ್ತದೆ. ಆ ಗಸಿಯನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಕಸಕ್ಕೆ ಹಾಕಿ, ಗಟಾರಕ್ಕೆ ಬಿಡಬೇಡಿ.

ಆರಿಸುವುದು, ತೋರಿಸುವುದು

ಸುರಿದ ಚಿತ್ರದಲ್ಲಿ ಎಲ್ಲ ಭಾಗವೂ ಚೆನ್ನಾಗಿರುವುದಿಲ್ಲ. ರಟ್ಟಿನಲ್ಲಿ ಎರಡು ‘ಎಲ್’ ಆಕಾರ ಕತ್ತರಿಸಿ, ಚೌಕಟ್ಟಿನಂತೆ ಜೋಡಿಸಿ ಚಿತ್ರದ ಮೇಲೆ ಸರಿಸುತ್ತ ಹೋಗಿ. ನಿಲ್ಲಬೇಕಾದ ಜಾಗ ಕಣ್ಣಿಗೆ ಸಿಗುತ್ತದೆ. ಅಷ್ಟನ್ನೇ ಉಳಿಸಿಕೊಳ್ಳಿ, ಉಳಿದದ್ದನ್ನು ಕತ್ತರಿಸಲು ಹೆದರಬೇಡಿ.

ಮಾಡಿದ್ದನ್ನು ಬಲ್ಲವರಿಗೆ ತೋರಿಸಿ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ವಿಜಯ ಕಲಾಮಂದಿರ ಅನ್ನುವ ಕಲಾಶಾಲೆ ಕಟ್ಟಿದ ಟಿ.ಪಿ. ಅಕ್ಕಿಯವರು ನಮ್ಮ ಭಾಗದಲ್ಲಿ ಚಿತ್ರಕಲೆಯ ಪಾಠವನ್ನು ಬೇರೂರಿಸಿದರು. ಇಂಥ ಕಡೆ ಕಲಿತ ಡ್ರಾಯಿಂಗ್ ಮೇಷ್ಟ್ರುಗಳು ಇಲ್ಲಿನ ಹಲವು ಊರುಗಳಲ್ಲಿ ಸಿಗುತ್ತಾರೆ. ಪಟ್ಟಿಗಳನ್ನೂ ನೋಟ್‌ಬುಕ್ಕನ್ನೂ ಹಿಡಿದುಕೊಂಡು ಹೋಗಿ, ಬರೀ ಮೊಬೈಲ್ ಫೋಟೊ ಬೇಡ. ಮೈಯ ಉಬ್ಬುತಗ್ಗು ಫೋಟೊದಲ್ಲಿ ಬರುವುದಿಲ್ಲ.

ಫ್ರೇಮ್ ಹಾಕಿಸುವಾಗ, ಮಣ್ಣಿನ ಕೃತಿಗೆ ಗಾಜು ತಾಗಬಾರದು ಅಂತ ಮೊದಲೇ ಹೇಳಿ. ನಡುವೆ ಅರ್ಧ ಇಂಚಿನ ಮರದ ಪಟ್ಟಿ ಕೊಡಿಸಿ. ಹಿಂಬದಿಗೆ ತೇವ ತಾಗದ ಗೋಡೆಯನ್ನೇ ಆರಿಸಿ, ಮಳೆಗಾಲದಲ್ಲಿ ನೆನೆಯುವ ಗೋಡೆ ಬೇಡ. ಕೃತಿಯ ಹಿಂದೆ ಪೆನ್ಸಿಲಿನಲ್ಲಿ ಎಲ್ಲ ಬರೆಯಿರಿ: ಎರೆ ಮಣ್ಣು, ಅಣ್ಣಿಗೇರಿ, ಫೆವಿಕಾಲ್, ಎಂಡಿಎಫ್ ಹಲಗೆ, ತಿಂಗಳು, ವರ್ಷ, ಪಟ್ಟಿ ನಂಬರ್. ಅದೇ ಮಣ್ಣಿನ ಒಂದು ಸಣ್ಣ ಡಬ್ಬಿಯನ್ನು ಅದೇ ನಂಬರ್ ಹಾಕಿ ತೆಗೆದಿಡಿ. ಹತ್ತು ವರ್ಷದ ನಂತರ ಒಂದು ಹೆಂಟೆ ಬಿದ್ದರೆ, ಅದನ್ನು ತುಂಬಲು ಬೇಕಾದ ಬಣ್ಣ ಬೇರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.